ನಮ್ಮ ಸೊಸಿಯ ಒಂದನೇತ್ತೆ ತುಂಬಿದ್ದು

ಮನ್ಯಾಗ ಒಬ್ಬಾಕಿ ಸಾಲಿ ಅಕ್ಕೋರು ಇದ್ದಳಂದ್ರ ಆ ಮನಿಗೆ ಬ್ಯಾರೆ ಟಿ.ವಿ. ಬೇಕಾಗೂದಿಲ್ಲ. ದಿನಾ ಸಂಜಿಮುಂದ ಆಕಿ ಬಾಗಲದಾಗ ಚಪ್ಪಲಿ ಬಿಡೂದ್ರೊಳಗ ಏನರ ಒಂದು ಆಗೇ ಬಂದಿರ್ತದ. ಕೇಳಿದವರು ನಗ್ತಾರ. ನನಗ ಮೊದಲ ಸಿಟ್ಟು ಬರ್ತದ, ನಗು ಆಮ್ಯಾಲೆ. ಕೆಲವೊಂದಕ್ಕ ಇನ್ನೂ ಬಂದಿಲ್ಲ.

ಆ ಅಕ್ಕೋರು ಅಂದ್ರ ನಮ್ಮ ಸೊಸಿ. ಪುಣೆದಾಗ ಒಂದು ಕನ್ನಡ ಸಾಲ್ಯಾಗ ಒಂದನೇತ್ತೆ, ಅಂದ್ರ ಒಂದನೇ ವರ್ಗ, ಕಲಸ್ತಾಳ. "ಪುಣೆದಾಗ ಕನ್ನಡ ಸಾಲಿ ಅದ ಏನ್ರಿ?" ಅಂತ ನೀವು ಈಗ ಹುಬ್ಬು ಏರಿಸಿರ್ತೀರಿ, ನನಗ ಗೊತ್ತದ. ಇಲ್ಲೇ ಹುಟ್ಟಿ, ಇಲ್ಲೇ ಲಗ್ನಾಗಿ, ಮನ್ಯಾಗ ದಿನಾ ಜ್ವಾಳದ ರೊಟ್ಟಿ ಬಡಿಯೂ ಕನ್ನಡದವರೂ ಹಂಗೇ ಏರಸ್ತಾರ. ಸಾಲಿ ಅವರ ಮನಿ ಹಿಂದ ಇರ್ತದ.

ಸೊಸಿ ಅಂದಮ್ಯಾಲೆ ಆಕಿನ್ನ ಬೈಯೂದು ನನ್ನ ಹಕ್ಕು. ಸಾರಿಗೆ ಉಪ್ಪು ಕಮ್ಮಿ ಹಾಕ್ತಾಳ, ಅರಬಿ ನೆಟ್ಟಗ ಝಾಡಿಸಿ ಒಣಗಿಸೂದಿಲ್ಲ, ತವರಮನಿ ಫೋನ್ ಬಂತಂದ್ರ ಗ್ಯಾಸ್ ಮ್ಯಾಲಿನ ಹಾಲು ಆಕಿ ಪಾಲಿಗೆ ಸತ್ತಂಗ. ಆದ್ರ ಬ್ಯಾರೆಯವರು ಆಕಿನ್ನ ಒಂದು ಮಾತು ಅಂದ್ರ ನನಗ ತಡಕೊಳ್ಳೂದು ಆಗೂದಿಲ್ಲ. ಆಕಿನ್ನ ಅನ್ನಲಿಕ್ಕೆ ನಾ ಏನು ಸತ್ತೀನಿ?

ಈ ವರ್ಷ ಹೋಳಿ ಹುಣ್ಣಿವಿ ಆಗಿತ್ತು ಅಷ್ಟ. ಹೆಡ್ ಮಾಸ್ತರ ಆಕಿನ್ನ ಕರದು ಹೇಳಿದ: "ಅಕ್ಕೋರ, ಈ ಜೂನದಾಗ ಒಂದನೇತ್ತೆ ತುಂಬಲಿಲ್ಲಂದ್ರ ವರ್ಗ ಮುಚ್ಚತಾರ. ನೀವು ಅತಿರಿಕ್ತ ಆಗ್ತೀರಿ." ಅತಿರಿಕ್ತ ಅಂದ್ರ ಸರ್ಕಾರದವರ ಭಾಷಾದಾಗ, ನೀ ಹೆಚ್ಚಾಗೀದಿ, ಎದ್ದು ನಡಿ. ಹಂಗ ಹೆಚ್ಚಾದವರನ್ನ ರಾಂಜಣಗಾಂವದ ಆಚೆ ಎಲ್ಲೆರ ಮರಾಠಿ ಸಾಲಿಗೆ ಒಗೀತಾರ. ಕನ್ನಡ ಕಲಿಸಿ ಕಲಿಸಿ ಗಂಟಲಾ ಹರಕೊಂಡಾಕಿ ಅಲ್ಲಿ ಹೋಗಿ ಏನು ಮಾಡಬೇಕು, ಗಂಟಿ ಬಾರಿಸಬೇಕಾ?

ಸೊಸಿ ಮನಿಗೆ ಬಂದು ಅತ್ತಳು. ಆಕಿ ಅಳೂದು ನೋಡಿ ನನಗ ಭಾಳ ಸಿಟ್ಟು ಬಂತು. "ಅತ್ರ ಹುಡುಗುರು ಬರ್ತಾವೇನು? ಮುಖಾ ತೊಳಕೋ. ಹುಡುಗುರನ್ನ ಹುಡುಕೂಣು," ಅಂದೆ. ಅಲ್ಲಿಂದ ಸುರು ಆತು.

ರುಚಿ ನೋಡೂ ಕುರ್ಚಿ

ಮೊದಲ ಆ ಹೆಡ್ ಮಾಸ್ತರಗ ನಾಲ್ಕು ಮಾತು ಹೇಳಬೇಕಂತ ನಾ ಸಾಲಿಗೆ ಹೋದೆ. ಹೋದಾಗ ಮಧ್ಯಾಹ್ನ. ಖಿಚಡಿ ವಾಸನಿ ಬರ್ಲಿಕ್ಕತ್ತಿತ್ತು. ಹುಡುಗುರೆಲ್ಲಾ ತಾಟು ಹಿಡಕೊಂಡು ಸಾಲಾಗಿ ಕುಂತಾವ, ಆದ್ರ ಒಬ್ಬರ ತಾಟಿನ್ಯಾಗೂ ಅನ್ನ ಇಲ್ಲ. ಎಲ್ಲಾರೂ ಪಿಳಿಪಿಳಿ ನಮ್ಮ ಸೊಸಿ ಮಾರಿ ನೋಡ್ಲಿಕ್ಕತ್ತಾವ. ಆಕಿ ನಡುವ ಕುರ್ಚಿ ಮ್ಯಾಲೆ ಕುಂತಾಳ, ಫೋಟೋಕ್ಕ ಕುಂತಂಗ.

"ಇದೇನು ಪೂಜಿ?" ಅಂತ ಕೇಳಿದೆ.

ಆಗ ತಿಳೀತು. ಖಿಚಡಿ ಆದ ಕೂಡಲೆ ಅಕ್ಕೋರು ಮೊದಲ ತಿನ್ನಬೇಕಂತ. ತಿಂದು ಅರ್ಧಾ ತಾಸು ಕುಂಡ್ರಬೇಕಂತ. ಅಕ್ಕೋರು ನೆಟ್ಟಗ ಕುಂತಿದ್ರ ಖಿಚಡಿ ಚಲೋ ಅದ, ಹುಡುಗುರಿಗೆ ಬಡಸ್ತಾರ. ಅಕ್ಕೋರು ಕೆಳಗ ಬಿದ್ರ ಚಲೋ ಇಲ್ಲ, ಚೆಲ್ಲತಾರ. ಪರೀಕ್ಷಾ ಮಾಡಲಿಕ್ಕೆ ಸರ್ಕಾರದವರಿಗೆ ನಮ್ಮ ಮನಿ ಸೊಸಿನೇ ಸಿಕ್ಕಳು!

ಅಷ್ಟರಾಗ ಮುಂದಿನ ಸಾಲಿನ್ಯಾಗಿನ ಒಂದು ಪೋರಿ ಎದ್ದು ನಿಂತು ಕೇಳತು: "ಅಕ್ಕೋರ, ನಿಮಗ ಏನೂ ಆಗಿಲ್ಲಲ್ಲರಿ? ಹಸಿವಿ ಆಗೇದ."

ನಾ ಸೀದಾ ಹೆಡ್ ಮಾಸ್ತರನ ಖೋಲಿಗೆ ಹೋದೆ. "ನಮ್ಮಾಕಿಗೆ ಏನರ ಹೆಚ್ಚು ಕಮ್ಮಿ ಆದ್ರ ಯಾರು ಜವಾಬುದಾರರು?" ಅಂತ ಮೇಜು ಬಡದೆ. ಅಂವ ಕೈ ಮುಗದ. "ಅಜ್ಜಿ, ನಿಮ್ಮಕಿಂತಾ ಜಾಸ್ತಿ ಕಾಳಜಿ ನನಗ ಅದ ರೀ. ಹ್ಯಾಂಗರ ಮಾಡಿ ಒಂದನೇತ್ತೆ ತುಂಬಸ್ರಿ. ಅಕ್ಕೋರು ಅತಿರಿಕ್ತ ಆಗಿ ಹೋದ್ರ ಆ ಕುರ್ಚಿ ಮ್ಯಾಲೆ ಕುಂಡ್ರೂ ಪಾಳಿ ನಂದು."

ಕೂಸು ಬಾಯಿ ತಗೀತು

ಯುಗಾದಿ ಆದಮ್ಯಾಲೆ ಮನಿ ಮನಿ ತಿರಗೂದು ಸುರು ಮಾಡಿದ್ವಿ. ಸೊಸಿ ಒಬ್ಬಾಕಿನ್ನೇ ಕಳಿಸಿದ್ರ ಆಕಿ ಬಾಗಲದಾಗ "ನಮಸ್ಕಾರ, ತಮ್ಮ ಮಗು" ಅಂತ ಪುಸ್ತಕದಾಗಿನ ಕನ್ನಡ ಮಾತಾಡಿ ನಿಂದರ್ತಾಳ. ಅದಕ್ಕ ನಾನೂ ಹೊಂಟೆ. ಇನ್ನೊಂದು ಖರೆ ಹೇಳ್ತೀನಿ, ಮಂದಿ ಮನ್ಯಾಗ ಒಳಗಿನ ಖೋಲಿ ತನಕ ಹೋಗಿ ನೋಡೂ ಅವಕಾಶ ದಿನಾ ಸಿಗೂದಿಲ್ಲ.

ಮೊದಲ ಯೆರವಡಾಕ್ಕ ಹೋದ್ವಿ. ಅಲ್ಲಿ ವಸ್ತಿಯೊಳಗ ವಿಜಾಪುರ, ಕಲಬುರ್ಗಿ ಕಡೆಯಿಂದ ಗೌಂಡಿ ಕೆಲಸಕ್ಕ ಬಂದವರು ರಗಡ ಮಂದಿ ಇದ್ದಾರ. ಮೊದಲನೇ ಮನಿ ಬಾಗಲಾ ತಗದಾಕಿ ನಮ್ಮ ಸೊಸಿ ಮಾರಿ ನೋಡಿದ ಕೂಡಲೆ ಗುರ್ತು ಹಿಡದು ಒಳಗ ಓಡಿದಳು. ನನಗ ಖುಷಿ ಆತು. ಹೋದಾಕಿ ಮತದಾರ ಕಾರ್ಡು ತಂದು ಕೈಯಾಗ ಕೊಟ್ಟಳು.

"ಅದಲ್ಲವಾ," ಅಂದಳು ಸೊಸಿ.

"ಹೌದ ಹೌದ, ಗಂಡಂದೂ ತರ್ತೀನಿ."

ಎರಡನೇ ಮನ್ಯಾಗ ಒಬ್ಬ ಮುದುಕ ಕೈ ಮಾಡಿ ಹೇಳಿದ: "ನಮ್ಮ ಮನ್ಯಾಗ ಎಷ್ಟು ಮಂದಿ ಅಂತ ಹಿಂದಕ ಬರಕೊಂಡು ಹೋಗಿದ್ದಿಯಲ್ಲವಾ ತಂಗಿ, ಆಮ್ಯಾಲೆ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ." ಮೂರನೇ ಮನಿ ಹುಡುಗಿ ಇನ್ನೂ ಚಂದ. ನಾವು ಬಾಯಿ ತಗಿಯೂಕಿಂತಾ ಮೊದಲ ತನ್ನ ಕೂಸಿನ ಎರಡೂ ಗಲ್ಲಾ ಒತ್ತಿ ಹಿಡದಳು. ಕೂಸು ಆ ಅಂತ ಬಾಯಿ ತಗೀತು. "ಹಾಕ್ರಿ ಡೋಸ್, ಲಗೂ ಹಾಕ್ರಿ, ಗ್ಯಾಸ್ ಮ್ಯಾಲೆ ಪಲ್ಯೆ ಅದ."

ಅವರದೇನು ತಪ್ಪು ಹೇಳ್ರಿ? ಮತದಾರರ ಕೆಲಸಕ್ಕೂ ಇಕಿ, ಮಂದಿ ಎಣಿಸಲಿಕ್ಕೂ ಇಕಿ, ಪೋಲಿಯೋಕ್ಕೂ ಇಕಿ. ಸರ್ಕಾರದವರಿಗೆ ಕೈಕಾಲು ಇಲ್ಲ, ಅಕ್ಕೋರಿಗೆ ಅವ. ನಾ ಆ ಹುಡುಗಿಗೆ ಬಿಡಿಸಿ ಹೇಳಿದೆ: "ಡೋಸ್ ಅಲ್ಲವಾ. ಇಕಿ ಅಕ್ಕೋರು. ನಿನ್ನ ದೊಡ್ಡ ಮಗನ್ನ ಸಾಲಿಗೆ ಕಳಸಂತ ಕೇಳಲಿಕ್ಕೆ ಬಂದಾಳ."

ಆ ಹುಡುಗಿ ಕೂಸಿನ ಗಲ್ಲಾ ಬಿಟ್ಟು ಉಸರು ಬಿಟ್ಟಳು. "ಅಯ್ಯ, ಅಷ್ಟೇ ಏನ್ರಿ? ನಾ ಏನರ ಡ್ಯೂಟಿ ಮ್ಯಾಲೆ ಬಂದೀರಿ ಅಂದ್ಕೊಂಡಿದ್ದೆ."

ಆದ್ರ ಆಕಿ ಮಗನ್ನ ಕಳಸ್ತೀನಂದಳು. ಆ ವಸ್ತಿಯೊಳಗ ಇನ್ನೂ ಒಂದಷ್ಟು ಮಂದಿ ಹ್ಞೂಂ ಅಂದ್ರು. ಬಡವರು ಹ್ಞೂಂ ಅಂತಾರ ರೀ. ನನ್ನ ಸಿಟ್ಟೆಲ್ಲಾ ಲಿಫ್ಟ್ ಇದ್ದ ಮನಿಯವರ ಮ್ಯಾಲೆ.

ಕನ್ನಡ ತಿಳಿಯೂ ಒಂದೇ ಪ್ರಾಣಿ

ಲಿಫ್ಟಿನ ಮನಿ ಅಂದ್ರ ಕಂಪ್ಯೂಟರ್ ಕಂಪನಿಯವರ ದೊಡ್ಡ ಬಿಲ್ಡಿಂಗು. ಕೆಳಗ ವಾಚಮನ್ ನಮ್ಮಿಬ್ಬರ ಫೋಟೋ ತಗದ, ಫೋನ್ ನಂಬರ್ ತಗೊಂಡ, ಅಷ್ಟಾದಮ್ಯಾಲೆ ನಮ್ಮನ್ನ ಮ್ಯಾಲಕ್ಕ ಬಿಟ್ಟ. ಸ್ವರ್ಗಕ್ಕ ಹೋಗಲಿಕ್ಕೂ ಇಷ್ಟು ಕೇಳೂದಿಲ್ಲ ಬಿಡ್ರಿ.

ಮನಿಯವರು ಮೈಸೂರ ಕಡೆಯವರು, ಸಣ್ಣ ವಯಸ್ಸಿನ ಗಂಡ ಹೆಂಡತಿ. ಆಕಿ ಅರ್ಧಾ ಚಣ್ಣಾ ಹಾಕ್ಕೊಂಡಿದ್ದಳು. ಇರಲಿ, ಆಕಿ ಮನಿ, ಆಕಿ ಕಾಲು. ಭಾಳ ಪ್ರೀತಿಲೆ ಒಳಗ ಕರದಳು. "ಬನ್ನಿ ಆಂಟಿ, ಬನ್ನಿ ಅಜ್ಜಿ, ಕೂತ್ಕೊಳ್ಳಿ. ಪುಣೆಯಲ್ಲಿ ಕನ್ನಡ ಸ್ಕೂಲಾ? ವಾವ್! ಕನ್ನಡ ಅಂದ್ರೆ ನಮಗೆ ತುಂಬಾ ಎಮೋಷನ್."

ನಾ ಸೊಸಿಗೆ ಮೆಲ್ಲಕ ಕಣ್ಣು ಹೊಡದೆ. ಇಲ್ಲಿ ಕೆಲಸ ಆತು ಅಂದ್ಕೊಂಡೆ.

ಅಷ್ಟರಾಗ ಒಳಗಿಂದ ಅವರ ಹುಡುಗ ಬಂದ. ಹುಡುಗನ ಹಿಂದ ಒಂದು ದೊಡ್ಡ ನಾಯಿ ಬಂತು. ತಾಯಿ ಮಗಗ ಹೇಳಿದಳು: "ಬೇಬಿ, ಸಿಟ್ ಪ್ರಾಪರ್ಲಿ. ಸೇ ಹಲೋ ಟು ಅಜ್ಜಿ." ನಾಯಿ ನನ್ನ ಸೀರಿ ಮೂಸಿ ಬೊಗಳಿತು. ಅದಕ್ಕ ಹೇಳಿದಳು: "ಏಯ್ ಕಂದ, ಬೊಗಳಬಾರದು. ಅವ್ರು ನಮ್ಮೋರು. ಬಾ, ಇಲ್ಲಿ ಬಂದು ಸುಮ್ನೆ ಮಲಕ್ಕೋ."

ನಾಯಿ ಶಾಣ್ಯಾ. ಹೋಗಿ ಮಲಕೊಂಡಿತು. ಹುಡುಗ ಸೋಫಾ ಮ್ಯಾಲೆ ಜಿಗಿಲಿಕ್ಕತ್ತಿದ್ದ.

ನಾ ಕೇಳಿದೆ: "ಅಲ್ಲವಾ, ಮಗನ ಜೋಡಿ ಇಂಗ್ಲೀಷು, ನಾಯಿ ಜೋಡಿ ಕನ್ನಡ, ಇದು ಯಾವ ಪದ್ಧತಿ?"

ಗಂಡ ನಕ್ಕೋತ ಹೇಳಿದ: "ಅದನ್ನ ಊರಲ್ಲಿ ನಮ್ಮಮ್ಮ ಸಾಕಿದ್ದು ಅಜ್ಜಿ. ಕನ್ನಡ ಬಿಟ್ರೆ ಬೇರೆ ಏನು ಹೇಳಿದ್ರೂ ಕೇಳಲ್ಲ. ಮಗಂದು ಹಾಗಲ್ಲ, ಆಲ್ರೆಡಿ ಇಂಗ್ಲಿಷಿಗೆ ಸೆಟ್ ಆಗ್ಬಿಟ್ಟಿದ್ದಾನೆ. ಈಗ ಕನ್ನಡ ಸ್ಕೂಲು ಅಂದ್ರೆ ಕನ್‌ಫ್ಯೂಸ್ ಆಗ್ತಾನೆ."

ನಾ ಎದ್ದು ನಿಂತೆ. ಸಿಟ್ಟಿಗೆ ಮಂಡಿನೋವು ಸೈತ ಮರತಿತ್ತು. ಸೊಸಿಗೆ ಹೇಳಿದೆ: "ನಡಿ. ಇಲ್ಲಾ ಈ ನಾಯಿನ್ನರ ಹೆಸರ ಹಚ್ಚಕೋ. ಹೇಳಿದ ಮಾತು ತಿಳೀತದ, ಕುಂಡ್ರು ಅಂದಲ್ಲಿ ಕುಂಡರ್ತದ. ನಿನ್ನ ವರ್ಗದಾಗ ಇಷ್ಟು ಶಾಣ್ಯಾ ಒಂದೂ ಇಲ್ಲ."

ಶಾಲು ಒಂದು, ಸತ್ಕಾರ ಹಲವು

ಬಸವ ಜಯಂತಿ ದಿನ ಕನ್ನಡ ಸಂಘದವರು ಹಾಲ್ ಹಿಡದು ಕಾರ್ಯಕ್ರಮ ಇಟ್ಟಿದ್ರು. ಕನ್ನಡ ಸಾಲಿ ಅಕ್ಕೋರಿಗೆಲ್ಲಾ ಸತ್ಕಾರ ಅಂತ ಕರೆ ಕಳಿಸಿದ್ರು. "ಅಲ್ಲಿ ಮಂದಿ ಭಾಳ ಇರ್ತಾರ, ಹುಡುಗುರು ಸಿಗ್ತಾವ," ಅಂತ ನಾವೂ ಹೋದ್ವಿ.

ಅಧ್ಯಕ್ಷರು ಧಾರವಾಡ ಕಡೆಯವರು, ದೊಡ್ಡ ಡಾಕ್ಟರು. ಒಂದೂವರಿ ತಾಸು ಭಾಷಣಾ ಮಾಡಿದ್ರು. ಕನ್ನಡ ನಮ್ಮ ಉಸಿರು, ಕನ್ನಡ ನಮ್ಮ ರಕ್ತ, ಕನ್ನಡ ಸಾಲಿ ಉಳಿಸಬೇಕು. ಅವರ ಮನಿ ಸುದ್ದಿ ನನಗ ಗೊತ್ತದ. ಒಂದೇ ಮನ್ಯಾಗ ಇಬ್ಬರು ಸೊಸ್ತೇರು, ಎರಡು ಫ್ರಿಜ್ಜು, ಎರಡಕ್ಕೂ ಕೀಲಿ. ಅವರ ಮನಿ ಕೆಲಸದಾಕಿ ನಮ್ಮ ಓಣ್ಯಾಗೇ ಇರ್ತಾಳ. ಹಿಂತಾವರು ಕನ್ನಡದವರು ಒಂದಾಗಬೇಕು ಅಂದ್ರ ನಾ ಯಾವ ಮಾರೀಲೆ ಕೇಳಲಿ?

ಆಮ್ಯಾಲೆ ಸತ್ಕಾರ. ಒಬ್ಬ ಅಕ್ಕೋರನ್ನ ಕರೀತಾರ, ಶಾಲು ಹೊಚ್ಚತಾರ, ತೆಂಗಿನಕಾಯಿ ಕೊಡ್ತಾರ, ಫೋಟೋ ಹೊಡೀತಾರ. ಅವರು ಈ ಕಡೆ ಮೆಟ್ಟಲಾ ಇಳಿಯೂದ್ರಾಗ ಪಡದೇದ ಹಿಂದ ನಿಂತ ಒಬ್ಬ ಮನಷಾ ಸರ್ ಅಂತ ಬೆನ್ನ ಮ್ಯಾಲಿನ ಶಾಲು ಎಳಕೊಂಡು, ಆ ಕಡೆಯಿಂದ ಮುಂದಿನವರಿಗೆ ಕೊಡಲಿಕ್ಕೆ ಓಡತಿದ್ದ. ಇದ್ದದ್ದು ಒಂದೇ ಶಾಲು! ಕಾಯೂ ಹಂಗೇ. ಒಬ್ಬ ಅಕ್ಕೋರು ಕಾಯಿ ಗಟ್ಟಿ ಹಿಡದಿದ್ರು, ಅಂವ ಬೆರಳು ಬಿಡಿಸಿ ತಗೊಂಡ.

ನಮ್ಮಾಕಿ ಪಾಳಿ ಬಂತು. ನಾ ಮೆಟ್ಟಲದ ಕೆಳಗ ಹೋಗಿ ನಿಂತೆ. ಅಂವ ಎಳಿಯೂದಕ್ಕೂ ನಾ ಹಿಡಿಯೂದಕ್ಕೂ ಒಂದೇ ಆತು. "ಬಿಡ್ರಿ ಅಜ್ಜಿ, ಇನ್ನೂ ಮಂದಿ ಇದ್ದಾರ," ಅಂತ ಅಂವ. "ಇದ್ದವರಿಗೆ ನಿಮ್ಮ ಅಧ್ಯಕ್ಷರ ಕೋಟು ಹೊಚ್ಚ ಹೋಗು," ಅಂತ ನಾ. ಮೈಕ್ ಅಲ್ಲೇ ಇತ್ತು, ಹಾಲಿಗೆ ಹಾಲೇ ಕೇಳತು.

ಅಧ್ಯಕ್ಷರು ತಾವೇ ಇಳದು ಬಂದು, "ಏನು ತಾಯಿ, ಏನು ಬೇಕು?" ಅಂದ್ರು. "ಶಾಲು ಸಿಕ್ತು. ಈಗ ನಿಮ್ಮ ಮೊಮ್ಮಗನ್ನ ಕೊಡ್ರಿ, ಒಂದನೇತ್ತೆಗೆ," ಅಂದೆ. ಅವರು ಗಡಿಯಾರ ನೋಡಕೊಂಡ್ರು. "ಅದು ಬ್ಯಾರೆ ವಿಷಯ ತಾಯಿ," ಅಂದು ಊಟದ ಕಡೆ ಹೊಂಟ್ರು.

ಇಡೀ ಹಾಲಿನ್ಯಾಗ ಒಂದೂ ಹುಡುಗ ಸಿಗಲಿಲ್ಲ. ಆ ಶಾಲು ಮಾತ್ರ ಈಗ ನಮ್ಮ ಮನ್ಯಾಗ ಅದ. ಇಸ್ತ್ರಿ ಮಾಡೂ ಮುಂದ ಕೆಳಗ ಹಾಸಲಿಕ್ಕೆ ಚಲೋ ಆಗ್ತದ.

ಕಾಲಿಗೆ ಬಿದ್ದ ಪೊಲೀಸ

ಮೇ ತಿಂಗಳ ಉರಿ ಬಿಸಲಾಗ ಪಿಂಪ್ರಿ-ಚಿಂಚವಾಡಕ್ಕ ಹೋಗಿದ್ವಿ, ಕಾರಖಾನಿ ಮಂದಿ ಕಾಲನಿಗೆ. ಇಬ್ಬರು ಹ್ಞೂಂ ಅಂದಿದ್ರು. ಬರೂ ಮುಂದ ಸೊಸಿ ಸ್ಕೂಟರ್ ಹೊಡೀಲಿಕ್ಕತ್ತಿದ್ದಳು, ನಾ ಹಿಂದ. ಆಕಿ ತಲಿ ಮ್ಯಾಲೆ ಹೆಲ್ಮೆಟ್ ಇತ್ತು. ನನ್ನ ತಲಿ ಮ್ಯಾಲೆ ತುರುಬು ಇತ್ತು, ಅದರ ಮ್ಯಾಲೆ ಹೆಲ್ಮೆಟ್ ಕುಂಡರೂದಿಲ್ಲ.

ಸಿಗ್ನಲ್ಲಿನ್ಯಾಗ ಪೊಲೀಸ ಕೈ ಮಾಡಿದ. ನಮ್ಮ ಗಾಡಿ ನಿಂತಿತು. ಅಂವ ಮರಾಠಿಯೊಳಗ ಜೋರು ಮಾಡಲಿಕ್ಕೆ ಬಾಯಿ ತಗದವ ಸೊಸಿ ಮಾರಿ ನೋಡಿದ, ಟೊಪಗಿ ತಗದ. "ಅಕ್ಕೋರ! ನೀವು? ನಾ ರೀ, ಹಿಂದಿನ ಬೆಂಚಿನವ!" ಅಂದವನೇ ನಡು ರಸ್ತಾದಾಗ ಆಕಿ ಕಾಲಿಗೆ ಬಿದ್ದ. ಹಿಂದ ಬಸ್ಸು, ರಿಕ್ಷಾ ಎಲ್ಲಾ ಹಾರ್ನ್ ಹೊಡೀಲಿಕ್ಕತ್ತಾವ. ಸಿಗ್ನಲ್ ಹಸಿರು ಆತು, ಕೆಂಪು ಆತು, ಮತ್ತ ಹಸಿರು ಆತು. ಇಂವ ಎದ್ದಿಲ್ಲ.

ಸೊಸಿ ಕಣ್ಣಾಗ ನೀರು. "ಎಷ್ಟು ದೊಡ್ಡಾಂವ ಆಗೀಯಪ್ಪಾ!"

"ನೀವು ಕಲಿಸಿದ್ದಕ್ಕ ಇವತ್ತು ಇಲ್ಲಿ ನಿಂತೀನ್ರಿ ಅಕ್ಕೋರ," ಅಂದ. ಎದ್ದ, ಮಣಕಾಲಿನ ಧೂಳಾ ಝಾಡಿಸಿಕೊಂಡ. ಕಿಸೆದಾಗಿಂದ ಮಶೀನ್ ತಗದು ನಮ್ಮ ಗಾಡಿ ನಂಬರಿನ ಫೋಟೋ ಹೊಡದ.

"ಏ, ಇದೇನು?" ಅಂದೆ ನಾ.

"ಅಜ್ಜಿಗೆ ಹೆಲ್ಮೆಟ್ ಇಲ್ಲಲ್ಲರಿ. ತಪ್ಪು ಮಾಡಿದವರು ನಮ್ಮವರೇ ಇದ್ರೂ ತಪ್ಪು ತಪ್ಪೇ ಅಂತ ಅಕ್ಕೋರೇ ಕಲಿಸ್ಯಾರ."

ನನಗ ಎಲ್ಲಿಲ್ಲದ ಸಿಟ್ಟು ಬಂತು. "ಆತು, ದಂಡಾ ಹಾಕು. ನಿನಗ ಮಕ್ಕಳು ಇದ್ದಾರೇನು? ಇದ್ರ ಅಕ್ಕೋರ ವರ್ಗಕ್ಕ ಕಳಸು." ಅಂವ ತಲಿ ತುರಸ್ಕೊಂಡ. ಮಗಳು ಇದ್ದಾಳಂತ, ಈ ವರ್ಷ ಒಂದನೇತ್ತೆನೇ ಅಂತ. ಆದ್ರ ಇಂಗ್ಲೀಷ್ ಸಾಲಿಗೆ ಹಚ್ಚ್ಯಾನಂತ. "ಅದು ಭಾಳ ದೊಡ್ಡ ಸಾಲಿ ರೀ ಅಜ್ಜಿ. ನಮ್ಮಿಬ್ಬರಿಗೂ ಇಂಟರ್ವ್ಯೂ ತಗೊಂಡು ಒಮ್ಮೆ ಬ್ಯಾಡಂದ್ರು. ಮತ್ತ ಹೋದ್ವಿ, ಮತ್ತ ಬ್ಯಾಡಂದ್ರು. ಯಾರ ಯಾರ ಕಾಲು ಹಿಡದ ಮ್ಯಾಲೆ ತಗೊಂಡ್ರು. ಅಕ್ಕೋರ ಸಾಲ್ಯಾಗ ಏನ್ರಿ, ಹೋದ ಕೂಡಲೆ ತಗೋತಾರ. ನನ್ನ ಹೆಂಡತಿ ಅಂತಾಳ, ಹಂಗ ಕರದು ತಗೊಂಡ್ರ ಅದೆಂಥಾ ಸಾಲಿ?"

ನಾ ಗಾಡಿ ಏರಿದೆ. ದಾರಿ ತುಂಬ ಅದೇ ಮಾತು ತಲ್ಯಾಗ ತಿರುಗತಿತ್ತು.

ಮನಿಗೆ ಬಂದಮ್ಯಾಲೆ ದಂಡದ ಮೆಸೇಜು ಬಂತು. ಬ್ಯಾರೆಯವರಾಗಿದ್ರ ಹಣಿ ಬಡಕೋತಿದ್ರು. ಇಕಿ ಗಂಡಗ, ಮಕ್ಕಳಿಗೆ, ಆಜೂಬಾಜೂದವರಿಗೆ ಎಲ್ಲಾ ಫೋನ್ ತೋರಿಸಿದಳು. "ನೋಡ್ರಿ, ನನ್ನ ವಿದ್ಯಾರ್ಥಿ ಕಳಿಸಿದ್ದು!"

ಗಿರಣ್ಯಾಗ ಹೇಳಿದ ಗುಟ್ಟು

ನಮ್ಮ ಕಡೆ ಕನ್ನಡದ ಹೆಣ್ಣಮಕ್ಕಳು ಯಾವ ಸಂಘಕ್ಕೂ ಬರೂದಿಲ್ಲ, ಹಿಟ್ಟಿನ ಗಿರಣಿಗೆ ಮಾತ್ರ ಬಂದೇ ಬರ್ತಾರ. ಜ್ವಾಳಾ ಸಣ್ಣಗ ಬೀಸಿ ಕೊಡೂ ಗಿರಣಿ ಈ ಭಾಗಕ್ಕ ಅದೊಂದೇ. ನಾ ಒಂದು ಡಬ್ಬಿ ಜ್ವಾಳಾ ಹಿಡಕೊಂಡು ಹೋಗಿ ಪಾಳಿ ಹಚ್ಚಿದೆ.

ನನ್ನ ಹಿಂದ ನಮ್ಮ ಬಿಲ್ಡಿಂಗಿನ ಮೂರನೇ ಮಾಳಗಿಯಾಕಿ ನಿಂತಿದ್ದಳು. ಬೆಳಗಾವಿ ಕಡೆಯಾಕಿ. ನಾವು ಯುಗಾದಿ ಆದಮ್ಯಾಲೆ ಆಕಿ ಮಗನ್ನ ಕೇಳಲಿಕ್ಕೆ ಹೋದಾಗ ಬಾಗಲಾ ಅರ್ಧಾನೇ ತಗದು, "ನಮ್ಮ ಕೂಸು ಖಿಚಡಿ ಸಾಲಿಗೆ ಹೋಗೂದಿಲ್ರಿ," ಅಂದಾಕಿ ಇಕಿನೇ. ಇಕಿ ಮನ್ಯಾಗ ವಾರಕ್ಕ ನಾಲ್ಕು ದಿನ ಹೊರಗಿಂದ ಪಾರ್ಸಲ್ ಬರ್ತದ, ಮೆಟ್ಟಲದಾಗ ವಾಸನಿ ಹಿಡದು ನಾ ಹೇಳಬಲ್ಲೆ.

ನಾ ಆಕಿ ಕಡೆ ತಿರುಗಿ ನೋಡಲೇ ಇಲ್ಲ. ಮುಂದ ನಿಂತ ಇನ್ನೊಬ್ಬಾಕಿಗೆ ಮೆಲ್ಲಕ, ಅಂದ್ರ ಹಿಂದಿನವರಿಗೆ ಕೇಳೂವಷ್ಟು ಮೆಲ್ಲಕ, ಹೇಳಿದೆ: "ನಮ್ಮ ಸೊಸಿ ಸಾಲ್ಯಾಗ ಈ ವರ್ಷ ಒಂದನೇತ್ತೆಗೆ ಭಾಳ ಗದ್ದಲ ಆಗೇದವಾ. ಈಗ ತಂದಿತಾಯಿ ಇಂಟರ್ವ್ಯೂ ತಗೋತಾರಂತ. ಚಲೋ ಚಲೋ ಮನಿಯವರನ್ನೂ ಬ್ಯಾಡಂತ ವಾಪಸ್ ಕಳಸ್ತಾರಂತ. ಯಾರ ಮುಂದೂ ಹೇಳಬ್ಯಾಡ ನೋಡು, ನಮ್ಮ ಸೊಸಿ ನೌಕರಿಗೆ ಬರ್ತದ."

ಗಿರಣಿ ಸಪ್ಪಳದಾಗೂ ಹಿಂದ ಎಲ್ಲಾರೂ ಗಪ್ಪಾದದ್ದು ನನಗ ಕೇಳಿಸ್ತು.

ಹಿಟ್ಟು ತಗೊಂಡು, ಕಾಯಿಪಲ್ಯೆ ತಗೊಂಡು ಮನಿಗೆ ಬರೂದ್ರಾಗ ಕೆಳಗಿನ ಮನಿಯಾಕಿ ಮೆಟ್ಟಲದಾಗ ನನ್ನ ಕೈ ಹಿಡದಳು. ಸುತ್ತಾ ನೋಡಿ ಕಿವ್ಯಾಗ ಹೇಳಿದಳು: "ಅಜ್ಜಿ, ನಿಮ್ಮ ಸೊಸಿ ಸಾಲಿ ಸುದ್ದಿ ನಿಮಗೇ ಗೊತ್ತಿಲ್ಲೇನು? ಯಾರೋ ದೊಡ್ಡ ಸಾಹೇಬರ ಮೊಮ್ಮಗಗ ಸೈತ ಜಾಗಾ ಇಲ್ಲಂತ ಹೊರಗ ಹಾಕ್ಯಾರಂತ. ಆ ಸಾಹೇಬರು ಗೇಟಿನ್ಯಾಗ ಅತ್ರಂತ. ಯಾರ ಮುಂದೂ ಹೇಳಬ್ಯಾಡ್ರಿ."

ಇಷ್ಟು ನಾ ಹೇಳಿರಲೇ ಇಲ್ಲ. ಆದ್ರೂ ಒಂದು ಕ್ಷಣ ನಾನೂ ನಂಬಿದೆ.

ನಾ ತಗೊಂಡ ಇಂಟರ್ವ್ಯೂ

ಸಾಲಿ ತಗದ ದಿನ ಗೇಟಿನ ಮುಂದ ಗದ್ದಲೋ ಗದ್ದಲ. ಗಂಡಸರು ಇಸ್ತ್ರಿ ಅಂಗಿ, ಹೆಣ್ಣಮಕ್ಕಳು ಲಗ್ನದ ಸೀರಿ, ಹುಡುಗುರಿಗೆ ತಲಿಗೆ ಎಣ್ಣಿ. ಹೆಡ್ ಮಾಸ್ತರ ಮೋರ್ಚಾ ಬಂತು ಅಂದ್ಕೊಂಡು ಒಳಗಿಂದ ಚಿಲಕಾ ಹಾಕ್ಕೊಂಡ. ಸೊಸಿ ನನ್ನ ಮ್ಯಾಲೆ ಕೆಂಡಾ ಕಾರಿದಳು: "ಅತ್ತಿ, ಏನು ಮಾಡಿಟ್ಟೀರಿ? ಇಂಟರ್ವ್ಯೂ ಎಲ್ಲೈತಿ ಅಂತ ಕೇಳಲಿಕ್ಕತ್ತಾರ! ಕನ್ನಡ ಸಾಲ್ಯಾಗ ಯಾರನ್ನೂ ಬ್ಯಾಡ ಅನ್ನೂ ಹಂಗಿಲ್ಲ!"

"ನೀ ಬ್ಯಾಡ ಅನಬ್ಯಾಡ. ನಿಮ್ಮ ಮಾಸ್ತರನ್ನ ಹೊರಗ ಕರೀಬ್ಯಾಡ. ಅಂವ ಎಲ್ಲಾರ ಕಾಲಿಗೆ ಬಿದ್ದು ಒಳಗ ಕರೀತಾನ, ಅವರೆಲ್ಲಾ ಓಡಿ ಹೋಗ್ತಾರ. ಕುರ್ಚಿ ತಾ ಇಲ್ಲಿ."

ನಾ ಕ, ಖ ಆದಮ್ಯಾಲೆ ಸಾಲಿ ಬಿಟ್ಟಾಕಿ. ಆದ್ರ ಮಂದಿನ್ನ ಪ್ರಶ್ನಾ ಕೇಳೂದರಾಗ ನನ್ನ ಮುಂದ ಯಾವ ವಕೀಲನೂ ನಿಂದರೂದಿಲ್ಲ. ವರಾಂಡಾದಾಗ ಕುಂತೆ. ಒಬ್ಬೊಬ್ಬರನ್ನೇ ಕರದೆ.

"ಅತ್ತಿ ನಿಮ್ಮ ಜೋಡಿ ಇರ್ತಾಳೇನು? ಇಲ್ಲಾ? ಯಾಕ ಇಲ್ಲ? ಯಾರ ತಪ್ಪು?" "ಮನ್ಯಾಗ ಜಗಳಾ ಆದ್ರ ಯಾವ ಭಾಷಾದಾಗ ಆಡ್ತೀರಿ? ಕನ್ನಡದಾಗಾ? ಚಲೋ." ಯಾವನಿಗೂ ಸಿಟ್ಟು ಬರಲಿಲ್ಲ ನೋಡ್ರಿ! ದೊಡ್ಡ ಸಾಲ್ಯಾಗ ಹಿಂಗೇ ಕೇಳ್ತಾರಂತ ತಿಳಕೊಂಡು ಎಲ್ಲಾ ಬಿಚ್ಚಿ ಬಿಚ್ಚಿ ಹೇಳಿದ್ರು. ಇಡೀ ಜನ್ಮದಾಗ ಗಿರಣ್ಯಾಗ ಸಿಗಲಾರದ ಸುದ್ದಿ ಆ ಒಂದು ಮುಂಜಾನೆ ಸಿಕ್ತು. ಒಬ್ಬ ಗಂಡ ಹೆಂಡತಿಗೆ ಕೇಳಿದೆ: "ಮಲಗೂಮುಂದ ಕೂಸಿಗೆ ಕಥಿ ಯಾರು ಹೇಳ್ತೀರಿ?" ಅಂವ ಆಕಿ ಕಡೆ ಬೆರಳು ಮಾಡಿದ, ಆಕಿ ಅವನ ಕಡೆ ಮಾಡಿದಳು. ಆಮ್ಯಾಲೆ ಇಬ್ಬರೂ ಕೂಡಿ ಮೊಬೈಲ್ ತೋರಿಸಿದ್ರು. "ಆತು, ತಗೊಂಡ್ವಿ," ಅಂದೆ. ಅವರು ಒಬ್ಬರಿಗೊಬ್ಬರು ಕೈ ಕುಲುಕಿದ್ರು.

ಆಮ್ಯಾಲೆ ಮೂರನೇ ಮಾಳಗಿಯಾಕಿ ಬಂದಳು. ರೇಶ್ಮಿ ಸೀರಿ, ಮೂಗಿನ್ಯಾಗ ನತ್ತು. ಆ ಅರ್ಧಾ ತಗದ ಬಾಗಲಾ ನನ್ನ ಕಣ್ಣ ಮುಂದ ಬಂತು. "ನೋಡವಾ," ಅಂದೆ, "ಈ ವರ್ಷ ಆಗೂದು ಕಠಿಣ. ನೀ ಬ್ಯಾರೆ ಕಡೆ ಪ್ರಯತ್ನ ಮಾಡು." ಆಕಿ ಮಾರಿ ನತ್ತಿನ ಹರಳಿನಕಿಂತಾ ಕೆಂಪಾತು. ನನ್ನ ಹೊಟ್ಟಿ ತಣ್ಣಗಾತು.

ಸಂಜಿಮುಂದ ಹೆಡ್ ಮಾಸ್ತರ ಎಣಿಸಿದ. ಮತ್ತ ಎಣಿಸಿದ. ಕೆಲವು ಹುಡುಗುರು ವಯಸ್ಸಿಗೆ ಸಣ್ಣವು, ಅವನ್ನ ಹಿಡಿಯೂ ಹಂಗಿಲ್ಲ. ಉಳಿದವರನ್ನ ಹಿಡದ್ರ ಬೇಕಾದದ್ದಕ್ಕ ಒಂದು ತಲಿ ಕಮ್ಮಿ. ಒಂದೇ ಒಂದು! ಎಣಿಸೂ ಸಾಹೇಬ ನಾಳಿಗೇ ಬರಾಂವ.

ಸೊಸಿ ಚಪ್ಪಲಿ ಮೆಟ್ಟಿಕೊಂಡಳು. ಹೇಳಿದಳು: "ಅತ್ತಿ, ಮೂರನೇ ಮಾಳಗಿ ಏರಿ ಹೋಗಿ ಆಕಿನ್ನ ಕರಕೊಂಡು ಬರ್ತೀನಿ."

"ಹೋಗಿ ನೋಡು! ನೀ ಕರದೀ ಅಂದ್ರ ಜಾಗಾ ಖಾಲಿ ಅದ ಅಂತ ತಿಳೀತದ. ನಾಳೆ ಗಿರಣ್ಯಾಗ ಸುದ್ದಿ ಆಗ್ತದ. ಇದ್ದವರೂ ಓಡ್ತಾರ." ಬಾಯಿಲೆ ಹಂಗಂದೆ. ನನ್ನ ಸಿಟ್ಟಿನ ಸಲುವಾಗಿ ಇಕಿ ರಾಂಜಣಗಾಂವದ ಬಸ್ಸು ಹಿಡಿಯೂಹಂಗ ಆದ್ರ ಏನು ಮಾಡಲಿ?

ಮರುದಿನ ಮುಂಜಾನೆ ನಾವು ಸಾಲಿಗೆ ಹೊಂಟು ನಿಂತಿದ್ವಿ. ಬಾಗಲಾ ಬಡದ ಸಪ್ಪಳಾತು. ನೋಡಿದ್ರ ಮೂರನೇ ಮಾಳಗಿಯಾಕಿ, ಆಕಿ ಗಂಡ, ನಡುವ ಹುಡುಗ. ಗಂಡನ ಒಂದು ಕೈಯಾಗ ಬೆಳಗಾವಿ ಕುಂದಾದ ಡಬ್ಬಿ, ಇನ್ನೊಂದು ಕೈಯಾಗ ಫೋನು. "ಅಜ್ಜಿ, ನಮ್ಮ ವಾರ್ಡಿನ ನಗರಸೇವಕರು ಲೈನ್ ಮ್ಯಾಲೆ ಇದ್ದಾರ, ಒಂದೀಟು ಮಾತಾಡ್ರಿ."

ಸೊಸಿ ಹಿಂದಿಂದ ನನ್ನ ಬೆನ್ನು ಚಿವುಟಿದಳು. ಅಂದ್ರ, ಹ್ಞೂಂ ಅನ್ರಿ, ಲಗೂ ಅನ್ರಿ ಅಂತ. ನಾ ಫೋನ್ ತಗೊಂಡು ಮರಾಠಿಯೊಳಗ ಸಾವಕಾಶ ಹೇಳಿದೆ: "ಸಾಹೇಬ, ಜಾಗಾ ನಾಹೀ ಹೋ." ಜಾಗಾ ಇಲ್ಲಂತ. ಸೊಸಿ ಇನ್ನೂ ಜೋರಿಲೆ ಚಿವುಟಿದಳು. ಆ ಕಡೆಯಿಂದ ಅಂವ, "ಆಜೀ, ಮಾಝ್ಯಾಸಾಠೀ, ಏಕಚ ಸೀಟ," ಅಂತ ಬೇಡಕೊಂಡ. ತನ್ನ ಸಲುವಾಗಿ ಒಂದೇ ಒಂದು ಸೀಟು ಅಂತ. ವೋಟಿನ ಹೊತ್ತಿಗೆ ಸೈತ ಅಂವ ನನ್ನ ಅಷ್ಟು ಪ್ರೀತಿಲೆ ಮಾತಾಡಿಸಿದ್ದಿಲ್ಲ. ನಾ ಒಂದು ದೊಡ್ಡ ಉಸರು ಬಿಟ್ಟೆ. "ನೀವು ಇಷ್ಟು ಹೇಳಿದ ಮ್ಯಾಲೆ ಹ್ಯಾಂಗ ಒಲ್ಲೆ ಅನ್ನಲಿ? ನೋಡ್ತೀನಿ," ಅಂದು ಫೋನ್ ಇಟ್ಟೆ. ಕುಂದಾದ ಡಬ್ಬಿ ಇಸಕೊಂಡೆ. ಬೆನ್ನ ಮ್ಯಾಲೆ ಎರಡು ದಿನ ಕಪ್ಪು ಇತ್ತು.

ಸಾಹೇಬ ಬಂದ, ಎಣಿಸಿದ, ತಲಿ ಹಾಕಿದ, ಚಹಾ ಕುಡದು ಹೋದ. ಒಂದನೇತ್ತೆ ಉಳೀತು. ನಮ್ಮಾಕಿ ಕರೀ ಫಳಾದ ಮುಂದ ನಿಂತು ದೊಡ್ಡದಾಗಿ "ಅ" ಬರದಳು. ನಾ ಕಿಡಕ್ಯಾಗಿಂದ ನೋಡಿದೆ.

ಹೊರಗ ಗೇಟಿನ್ಯಾಗ ಮೂರನೇ ಮಾಳಗಿಯಾಕಿ ಆಗಲೇ ನಾಲ್ಕು ಮಂದಿನ್ನ ಕೂಡಿಸಿದ್ದಳು. "ಎಲ್ಲಾರಿಗೂ ಸಿಗೂದಿಲ್ರಿ ಇಲ್ಲಿ. ನಮಗ ಮ್ಯಾಲಿನವರ ಗುರ್ತು ಇತ್ತಂತ ಆತು." ಆಕಿ ಮಗ ಒಂದು ಕೈಲೆ ಗೇಟು, ಇನ್ನೊಂದು ಕೈಲೆ ಆಕಿ ಸೆರಗು ಹಿಡಕೊಂಡು ನಾ ಒಳಗ ಹೋಗೂದಿಲ್ಲಂತ ಬಾಯಿ ಹರಿಯೂಹಂಗ ಅಳಲಿಕ್ಕತ್ತಿದ್ದ. ಆಕಿ ಅವನ್ನ ಝಾಡಿಸಿದಳು: "ಬಾಯಿ ಮುಚ್ಚು! ಎಷ್ಟು ಮಕ್ಕಳಿಗೆ ಇಲ್ಲಿ ಜಾಗಾ ಇಲ್ಲಂತ ಮನಿಗೆ ಕಳಿಸ್ಯಾರ ಗೊತ್ತದ ಏನು ನಿನಗ?"

ಹುಡುಗ ಗಪ್ಪನ ಅಳೂದು ನಿಲ್ಲಿಸಿದ. ಮೂಗು ಒರಸಿಕೊಂಡು ತಾಯಿ ಮಾರಿ ನೋಡಿ ಕೇಳಿದ: "ಮತ್ತ ನಾ ಏನು ತಪ್ಪು ಮಾಡೀನಿ?"